ಬೇಲಿ ಎತ್ತರಿಸಿದ್ದಾಯ್ತು, ದಣಪೆ ಮುಚ್ಚುವವರು ಯಾರು?

ಸುಗ್ಗಿ ಮುಗಿದ ಮೇಲೆ ಮಂಡಿಯಲ್ಲಿ ನಡೆಯುವ ಒಂದು ಮಾತುಕತೆ ನಮಗೆಲ್ಲ ಬಾಯಿಪಾಠ. ಬೆಳೆಗಾರ ಚೀಲ ಇಳಿಸುತ್ತಾನೆ. ವ್ಯಾಪಾರಿ ಒಂದು ಹಿಡಿ ಅಡಿಕೆ ತೆಗೆದು ಅಂಗೈಯಲ್ಲಿ ಆಡಿಸಿ, ಒಂದನ್ನು ಕತ್ತರಿಸಿ ನೋಡಿ, ನಿಟ್ಟುಸಿರು ಬಿಡುತ್ತಾನೆ. "ಮಾಲೇನೋ ಒಳ್ಳೇದಿದೆ, ಆದ್ರೆ ಭೂತಾನ್ ಅಡಿಕೆ ಬಂದುಬಿಟ್ಟಿದೆಯಲ್ಲ ರಾಯ್ರೇ" ಅನ್ನುತ್ತಾನೆ. ಅಷ್ಟಕ್ಕೇ ಕ್ವಿಂಟಲಿಗೆ ಎರಡು ಸಾವಿರ ಇಳಿದಿರುತ್ತದೆ. ಭೂತಾನಿನ ಒಂದೇ ಒಂದು ಕಾಯಿಯನ್ನೂ ಆ ಮಂಡಿಯಲ್ಲಿ ಯಾರೂ ನೋಡಿರುವುದಿಲ್ಲ. ಬೆಳೆಗಾರನಿಗೆ ಸೊಸೈಟಿ ಸಾಲದ ಕಂತಿದೆ, ಕೊಳೆ ಔಷಧಿ ಬಾಕಿ ಇದೆ. ತಲೆಯಾಡಿಸಿ ಕೊಟ್ಟು ಬರುತ್ತಾನೆ.

ಆ ವ್ಯಾಪಾರಿಗೆ ಈ ಮಾತು ಎಲ್ಲಿ ಸಿಕ್ಕಿತು? ನಮ್ಮಿಂದ. ಜಿಲ್ಲಾ ಪುಟದಲ್ಲಿ "ಭೂತಾನ್ ಅಡಿಕೆ: ಬೆಲೆ ಕುಸಿತದ ಭೀತಿ" ಎಂದು ನಾಲ್ಕು ಕಾಲಂ ತಲೆಬರಹ ಕೊಟ್ಟವರು ನಾವು. ಎಷ್ಟು ಟನ್, ಹಸಿಯೋ ಒಣಗಿದ್ದೋ, ಯಾವ ಗೇಟಿನಿಂದ, ಯಾವ ದರಕ್ಕೆ ಎಂದು ಒಂದು ಸಾಲೂ ಬರೆಯದೆ, ಮುಖಂಡರು ವಾಟ್ಸಾಪಿನಲ್ಲಿ ಕಳಿಸಿದ ಹೇಳಿಕೆಯನ್ನು ಹಾಗೇ ಇಳಿಸಿದವರು ನಾವು. ನಮ್ಮಲ್ಲಿ ಹೆಚ್ಚಿನವರು ಅಡಿಕೆಯೋ ಮೆಣಸೋ ಮಾರಿ ಬಂದ ದುಡ್ಡಿನಲ್ಲೇ ಪತ್ರಿಕೋದ್ಯಮದ ಫೀಸು ಕಟ್ಟಿದವರು. ಆ ಸುದ್ದಿಯ ಕತ್ತಿ ಮೊದಲು ತಾಗುವುದು ನಮ್ಮ ಮನೆಯ ಚೀಲಕ್ಕೇ. ಹಾಗಾಗಿ ಈ ಬರಹದಲ್ಲಿ ಬೈಗುಳ ನಮ್ಮಿಂದಲೇ ಶುರುವಾಗಲಿ.

ಮೊದಲು ಭೂತಾನಿನ ಲೆಕ್ಕ ಮುಗಿಸೋಣ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಭೂತಾನಿನಿಂದ, ಪಶ್ಚಿಮ ಬಂಗಾಳದ ಜೈಗಾಂವ್ ಗಡಿ ಠಾಣೆಯ ಮೂಲಕ, ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಬಹುದು ಎಂಬುದು ಅದರ ಸಾರ. 17,000 ಟನ್ ಅಂದ ಕೂಡಲೇ ಎದೆ ಧಸಕ್ ಎನ್ನುತ್ತದೆ, ನಿಜ. ಆದರೆ ಅದು ಸಿಪ್ಪೆ ಸಹಿತ ಹಸಿ ಕಾಯಿ. ನೂರು ಕೆ.ಜಿ. ಹಸಿ ಕಾಯಿ ಸುಲಿದು, ಬೇಯಿಸಿ, ಒಣಗಿಸಿದರೆ ಎಷ್ಟು ಇಡಿ ಸಿಗುತ್ತದೆ ಎಂದು ನಮ್ಮೂರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ: ಹನ್ನೆರಡು, ಹದಿಮೂರು ಕೆ.ಜಿ. ಅಂದರೆ ಇಡೀ ವರ್ಷದ ಕೋಟಾ ಒಣಗಿ ನಿಂತರೆ ಎರಡು ಸಾವಿರ ಟನ್ನಿನ ಆಸುಪಾಸು. ಹಣ್ಣಾಗಿಸಿ ಚಾಲಿ ಮಾಡಿದರೂ ನಾಲ್ಕು ಸಾವಿರ ಟನ್ ದಾಟುವುದು ಕಷ್ಟ. ದೇಶ ಬೆಳೆಯುವ ಅಡಿಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ. ಸಾವಿರ ಚೀಲದ ರಾಶಿಗೆ ನಾಲ್ಕು ಚೀಲ ಸೇರಿದರೆ ದರ ಮಗುಚಿ ಬೀಳುತ್ತದೆಯೇ? ಇಷ್ಟು ಸರಳ ಗುಣಾಕಾರವನ್ನು ಮಾಡದೆ ಸುದ್ದಿ ಬರೆದೆವು. ಅದರ ಲಾಭ ಯಾರಿಗೆ ಹೋಯಿತು ಎಂದು ಮತ್ತೆ ಹೇಳಬೇಕಿಲ್ಲ.

ಹಾಗಾದರೆ ಹೊರಗಿನ ಅಡಿಕೆಯಿಂದ ತೊಂದರೆಯೇ ಇಲ್ಲವೇ? ಇದೆ. ಆದರೆ ಅದು ನಾವು ಬೆರಳು ತೋರಿಸುತ್ತಿರುವ ದಿಕ್ಕಿನಲ್ಲಿಲ್ಲ.

ಅಡಿಕೆ ಆಮದಿಗೆ ಎರಡು ಬೇಲಿಗಳಿವೆ. ಒಂದು, ಶೇ 100ರ ಮೂಲ ಸುಂಕ. ಎರಡು, ಕನಿಷ್ಠ ಆಮದು ಬೆಲೆ: ಇಷ್ಟು ರೂಪಾಯಿಗಿಂತ ಕಡಿಮೆ ದರದ ಬಿಲ್ಲಿನಲ್ಲಿ ಬಂದ ಅಡಿಕೆಗೆ ಪ್ರವೇಶ ನಿಷಿದ್ಧ ಎಂಬ ಗೆರೆ. 2017ರ ಜನವರಿಯಲ್ಲಿ ಆ ಗೆರೆ ಕೆ.ಜಿ.ಗೆ 251 ರೂಪಾಯಿ ಆಯಿತು. 2023ರ ಫೆಬ್ರುವರಿಯಲ್ಲಿ 351 ಆಯಿತು. ಅವತ್ತು ಮಲೆನಾಡಿನ ಊರೂರಲ್ಲಿ ಫ್ಲೆಕ್ಸುಗಳು ಎದ್ದವು. ಧನ್ಯವಾದ ಹೇಳುವ ಜಾಹೀರಾತುಗಳು ಬಂದವು. ಕಮಿಷನ್ ಆಸೆಗೆ ಜಾಹೀರಾತು ತಂದುಕೊಟ್ಟವರಲ್ಲಿ ನಾವೂ ಇದ್ದೆವು. ಈಗ ಆ ಗೆರೆಯನ್ನು ಇನ್ನೂ ಮೇಲೆ ಎಳೆಯಬೇಕು ಎಂಬ ಮನವಿಗಳು ದೆಹಲಿಗೆ ಹೋಗುತ್ತಲೇ ಇವೆ. ನಿಯೋಗ, ಶಾಲು, ಮನವಿ ಪತ್ರ ಹಿಡಿದ ಫೋಟೋ. ಮಾರನೇ ದಿನ ಜಿಲ್ಲಾ ಪುಟ.

ಈ ಎರಡೂ ಬೇಲಿಗಳ ಮುಂದೆ ಕುಳಿತು ಒಮ್ಮೆ ಕೂಡಿ ಕಳೆದು ನೋಡಿ. ಸುಂಕದ ರಿಯಾಯಿತಿ ಇಲ್ಲದ ದೇಶದಿಂದ ಒಬ್ಬ ಪ್ರಾಮಾಣಿಕ ಆಮದುದಾರ 351 ರೂಪಾಯಿಯ ಬಿಲ್ಲಿನಲ್ಲಿ ಅಡಿಕೆ ತರಿಸುತ್ತಾನೆ ಎನ್ನಿ. ಶೇ 100 ಸುಂಕ ಸೇರಿದರೆ 702 ರೂಪಾಯಿ. ಅದರ ಮೇಲೆ ತೆರಿಗೆ, ಸಾಗಾಟ. ನಮ್ಮಲ್ಲಿ ರಾಶಿ ಅಡಿಕೆ ಅದಕ್ಕಿಂತ ಕಡಿಮೆ ದರಕ್ಕೆ ಓಡಾಡುವಾಗ ಈ ಮಾಲನ್ನು ಯಾರು ಕೊಳ್ಳುತ್ತಾರೆ? ಯಾರೂ ಇಲ್ಲ. ಅಲ್ಲಿ ಬೇಲಿ ಗಟ್ಟಿಯಾಗಿದೆ, ಇನ್ನೂ ಎತ್ತರಿಸುವ ಅಗತ್ಯವೇ ಇಲ್ಲ.

ಈಗ ಇನ್ನೊಂದು ಕಡೆಯಿಂದ ನೋಡಿ. 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದ ಮಾರ್ಚಿನಿಂದ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ಶ್ರೀಲಂಕಾದಲ್ಲಿ ಬೆಳೆದ ಅಡಿಕೆಗೆ ಸುಂಕ ಇಲ್ಲ. ಬಾಂಗ್ಲಾದೇಶ, ಮ್ಯಾನ್ಮಾರ್‌ನಂಥ ಹಿಂದುಳಿದ ದೇಶಗಳಿಗೂ ಬೇರೆ ಒಪ್ಪಂದಗಳಲ್ಲಿ ರಿಯಾಯಿತಿಗಳಿವೆ. ಅಂದರೆ "ಇದು ಅಲ್ಲಿ ಬೆಳೆದದ್ದು" ಎಂಬ ಒಂದು ಪ್ರಮಾಣಪತ್ರ ಕೈಯಲ್ಲಿದ್ದರೆ ಶೇ 100ರ ಬೇಲಿ ಮಾಯ. ಉಳಿಯುವುದು 351 ಮಾತ್ರ. ಇಂಡೋನೇಷ್ಯಾದ ಅಡಿಕೆ ಕೊಲಂಬೊದಲ್ಲಿ ಚೀಲ ಬದಲಿಸಿಕೊಂಡು ಶ್ರೀಲಂಕಾದ ಅಡಿಕೆಯಾಗಿ ಬಂದರೆ ಅದನ್ನು ತಡೆಯಲು ಇರುವುದು ಆ 351ರ ಗೆರೆ ಒಂದೇ.

ಆ ಗೆರೆ ಎಷ್ಟು ಗಟ್ಟಿ? ಇಲ್ಲೇ ಇರುವುದು ಇಡೀ ಕಥೆಯ ಗಂಟು. ಸುಂಕ ಇದ್ದಲ್ಲಿ ಬಿಲ್ಲನ್ನು ಉಬ್ಬಿಸಿ ಬರೆದರೆ ಆಮದುದಾರನಿಗೆ ನಷ್ಟ. ಉಬ್ಬಿದ ಪ್ರತಿ ರೂಪಾಯಿಗೂ ಇನ್ನೊಂದು ರೂಪಾಯಿ ಸುಂಕ ಕಟ್ಟಬೇಕು. ಸುಂಕವೇ ಇಲ್ಲದಲ್ಲಿ ಬಿಲ್ಲನ್ನು ಎಷ್ಟು ಬೇಕಾದರೂ ಉಬ್ಬಿಸಬಹುದು. ನೂರೈವತ್ತಕ್ಕೆ ಕೊಂಡ ಮಾಲಿಗೆ 351ರ ಬಿಲ್ಲು. ಬ್ಯಾಂಕಿನ ಮೂಲಕ ರಾಜಾರೋಷವಾಗಿ 351 ಹೊರಹೋಗುತ್ತದೆ. ಮಿಕ್ಕ ಇನ್ನೂರು ಹೊರಗೇ ಉಳಿಯುತ್ತದೆ, ಇಲ್ಲವೇ ಹಿಂಬಾಗಿಲಿನಿಂದ ಮನೆಗೆ ಬರುತ್ತದೆ. ಕಪ್ಪು ಹಣ ಇದ್ದವನಿಗೆ ಇದು ಬೇಲಿಯೇ ಅಲ್ಲ, ಏಣಿ. ನಾಳೆ 351 ಹೋಗಿ 400 ಆದರೆ ಆ ಏಣಿಗೆ ಇನ್ನೊಂದು ಮೆಟ್ಟಿಲು ಸೇರುತ್ತದೆ, ಅಷ್ಟೇ.

ಇದು ಊಹೆ ಎನ್ನುವವರು ಮೆಣಸಿನ ಬಳ್ಳಿ ಹತ್ತಿ ನೋಡಲಿ. 2017ರ ಡಿಸೆಂಬರಿನಲ್ಲಿ ಕಾಳುಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. 2018ರ ಮಾರ್ಚಿನಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, 500ಕ್ಕಿಂತ ಕಡಿಮೆ ದರದ ಮೆಣಸು "ನಿಷೇಧಿತ" ಎಂದು ಬರೆದರು. ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ಇನ್ನೇನು ದರ ಚಿಗುರಿತು ಎಂದುಕೊಂಡರು. ಆದದ್ದೇನು? 2016ರ ಹೊತ್ತಿಗೆ ಏಳುನೂರರ ಆಸುಪಾಸು ಕಂಡಿದ್ದ ಮೆಣಸು, ಈ ನಿಷೇಧ ಜಾರಿಯಲ್ಲಿದ್ದಾಗಲೇ 350ರ ಮಟ್ಟಕ್ಕೆ ಬಿತ್ತು. ಸ್ವಲ್ಪ ನಿಧಾನವಾಗಿ ಯೋಚಿಸಿ: 350 ರೂಪಾಯಿಯ ಮಾರುಕಟ್ಟೆಗೆ ಯಾರಾದರೂ 500 ಕೊಟ್ಟು ಮೆಣಸು ತರುತ್ತಾರೆಯೇ? ಆದರೂ ಮೆಣಸು ಬರುತ್ತಲೇ ಇತ್ತು. ವಿಯೆಟ್ನಾಂ ಮೆಣಸು ಆಗ ಟನ್ನಿಗೆ 3,000 ಡಾಲರಿನ ಆಸುಪಾಸು, ಅಂದರೆ ಕೆ.ಜಿ.ಗೆ ಸುಮಾರು 200 ರೂಪಾಯಿ. ಬಿಲ್ಲಿನಲ್ಲಿ ಮಾತ್ರ 500. ನಿಷೇಧ ಕಾಗದದಲ್ಲಿ ಅಕ್ಷರಶಃ ಪಾಲನೆಯಾಯಿತು. ಬೆಳೆಗಾರ ಮುಳುಗಿದ.

ಇದಕ್ಕೂ ಅದೇ ದಣಪೆ. ಮೆಣಸಿಗೆ ಸಾಮಾನ್ಯ ಸುಂಕ ಶೇ 70. ಶ್ರೀಲಂಕಾದ್ದಾದರೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಅದರ ಮೇಲಿನದಕ್ಕೆ ದಕ್ಷಿಣ ಏಷ್ಯಾ ಒಪ್ಪಂದದಡಿ ಶೇ 8. ವಿಯೆಟ್ನಾಮಿನ ಮೆಣಸಿಗೆ ಲಂಕೆಯ ವೇಷ ಹಾಕುವುದರಲ್ಲಿ ಎಷ್ಟು ಲಾಭ ಇದೆ ನೋಡಿ. ಇದನ್ನು ನಾವು ಹೊರಿಸುತ್ತಿರುವ ಆರೋಪ ಎಂದುಕೊಳ್ಳಬೇಡಿ. 2019ರ ಡಿಸೆಂಬರಿನಲ್ಲಿ ಶ್ರೀಲಂಕಾ ಸರ್ಕಾರವೇ ಮೆಣಸು, ಅಡಿಕೆ ಮುಂತಾದವನ್ನು ಹೊರಗಿನಿಂದ ತರಿಸಿ ಮರುರಫ್ತು ಮಾಡುವುದಕ್ಕೆ ತಡೆ ಹಾಕಿತು. ಅಲ್ಲಿಯ ಬೆಳೆಗಾರರೂ ನಮ್ಮಂತೆಯೇ ಕೂಗಿದ್ದರು, ಏಕೆಂದರೆ ಅವರ ಹೆಸರಿನಲ್ಲಿ ಬೇರೆಯವರ ಮಾಲು ಹೋಗುತ್ತಿತ್ತು. ಇಲ್ಲಿ ನಾವು "ಶ್ರೀಲಂಕಾ ಮೆಣಸಿಗೆ ಧಿಕ್ಕಾರ" ಎಂಬ ಘೋಷಣೆ ವರದಿ ಮಾಡುತ್ತಿದ್ದೆವು. ಮಾತಲೆಯ ಮೆಣಸಿನವನೂ ಮಡಿಕೇರಿಯ ಮೆಣಸಿನವನೂ ಒಂದೇ ಕಳ್ಳನ ಕೈಗೆ ಸಿಕ್ಕವರು ಎಂದು ನಮಗೆ ಹೊಳೆಯಲೇ ಇಲ್ಲ.

ಅಡಿಕೆಯಲ್ಲಿ ಇನ್ನೊಂದು ಆಟವೂ ನಡೆಯಿತು. ಹುರಿದ ಅಡಿಕೆಯನ್ನು ಸುಂಕದ ಪಟ್ಟಿಯಲ್ಲಿ ಬೇರೆ ಅಧ್ಯಾಯದಲ್ಲಿ, ಸಂಸ್ಕರಿಸಿದ ಆಹಾರದ ಸಾಲಿನಲ್ಲಿ ಲೆಕ್ಕ ಹಿಡಿಯುತ್ತಾರೆ. ಹಸಿ, ಒಣ ಅಡಿಕೆಗೆ ಹಾಕಿದ ಗೆರೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಒಲೆಯ ಮೇಲೆ ಒಂದಿಷ್ಟು ಹೊತ್ತು ಇಟ್ಟರೆ ಜಾತಿಯೇ ಬದಲಾದಂತೆ! 2025ರ ಏಪ್ರಿಲ್‌ನಲ್ಲಿ ಹುರಿದದ್ದಕ್ಕೂ 351ರ ಗೆರೆ ಎಳೆದರು. 351ರ ಗೆರೆ ಬಂದು ಎರಡು ವರ್ಷ ಕಳೆದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈ ಎರಡು ವರ್ಷದಲ್ಲಿ ನಮ್ಮಲ್ಲಿ ಎಷ್ಟು ಜನ "ಹುರಿದ ಅಡಿಕೆ" ಎಂಬ ಪದವನ್ನು ಒಂದು ಸುದ್ದಿಯಲ್ಲಾದರೂ ಬಳಸಿದ್ದೆವು?

ಇನ್ನು ಬಿಲ್ಲೂ ಇಲ್ಲದೆ ಪ್ರಮಾಣಪತ್ರವೂ ಇಲ್ಲದೆ ಬರುವ ಮಾಲು ಬೇರೆ. ಮ್ಯಾನ್ಮಾರ್ ಗಡಿಯಿಂದ ಈಶಾನ್ಯದ ಬೆಟ್ಟಗಳ ಮೂಲಕ ಲಾರಿಗಟ್ಟಲೆ ಬರುವ ಅಡಿಕೆಯ ಜಪ್ತಿ ಸುದ್ದಿಗಳು ಆಗಾಗ ಬರುತ್ತವೆ. ನಾಗಪುರದಲ್ಲಿ ಈ ವಿಷಯ ಬಾಂಬೆ ಹೈಕೋರ್ಟಿನ ಪೀಠದವರೆಗೂ ಹೋಗಿ, ಸಿಬಿಐ ತನಿಖೆ ನಡೆಯಿತು. ಗಮನಿಸಿ, ಕನಿಷ್ಠ ಬೆಲೆ 351 ಇರಲಿ, 3,510 ಇರಲಿ, ಈ ಲಾರಿಗೆ ಏನೂ ಆಗುವುದಿಲ್ಲ. ಗೆರೆ ಎತ್ತರಿಸಿದಷ್ಟೂ ಕಳ್ಳದಾರಿಯ ಲಾಭವೇ ಹೆಚ್ಚು.

ಈಗ ಕಾನೂನಿನ ಮಾತಿಗೆ ಬರೋಣ. "ನಿಷೇಧಿತ" ಎಂಬ ಪದ ನಮ್ಮ ಕಿವಿಗೆ ಬಹಳ ಕಠಿಣವಾಗಿ ಕೇಳಿಸುತ್ತದೆ. ಆದರೆ ಕಸ್ಟಮ್ಸ್ ಕಾಯ್ದೆಯ 125ನೇ ಸೆಕ್ಷನ್ ಓದಿದರೆ ಬೇರೆಯೇ ಕಾಣುತ್ತದೆ. ಮುಟ್ಟುಗೋಲು ಹಾಕಿಕೊಂಡ ಮಾಲನ್ನು ದಂಡ ಕಟ್ಟಿಸಿಕೊಂಡು ಬಿಟ್ಟುಕೊಡುವ ಅವಕಾಶ ಅದರಲ್ಲಿದೆ. ಬೇರೆ ಮಾಲಾದರೆ ಆ ಅವಕಾಶ ಕೊಡಲೇಬೇಕು, ನಿಷೇಧಿತ ಮಾಲಾದರೆ ಅಧಿಕಾರಿ "ಕೊಡಬಹುದು". ಆ "ಬಹುದು" ಎಂಬ ಸಣ್ಣ ಪದದ ಕಿಂಡಿಯಲ್ಲಿ ಹಡಗೇ ನುಸುಳಬಲ್ಲದು. ದಂಡವನ್ನು ಖರ್ಚಿನ ಬಾಬ್ತಿಗೆ ಸೇರಿಸಿಕೊಂಡೇ ವ್ಯಾಪಾರ ಮಾಡುವವರಿಗೆ ನಿಷೇಧ ಎಂದರೆ ಇನ್ನೊಂದು ಬಗೆಯ ತೆರಿಗೆ, ಅಷ್ಟೇ.

ಇದರ ಬಗ್ಗೆ ಸುಪ್ರೀಂ ಕೋರ್ಟು 2021ರ ಜೂನ್‌ನಲ್ಲಿ ಖಡಾಖಂಡಿತವಾಗಿ ಮಾತಾಡಿದೆ. ಅದು ಬಟಾಣಿ, ಬೇಳೆಕಾಳುಗಳ ಪ್ರಕರಣ. ಸರ್ಕಾರ ವರ್ಷಕ್ಕೆ ಇಷ್ಟೇ ಟನ್ ಎಂದು ಮಿತಿ ಹಾಕಿತ್ತು. ಕೆಲವು ಆಮದುದಾರರು ಹೈಕೋರ್ಟಿನ ಮಧ್ಯಂತರ ಆದೇಶ ಹಿಡಿದು ಮಿತಿ ಮೀರಿ ತರಿಸಿದ್ದರು. ದಂಡ ಕಟ್ಟಿ ಬಿಡಿಸಿಕೊಳ್ಳಲು ಹೊರಟಿದ್ದರು. ಮಿತಿ ಮೀರಿ ಬಂದ ಮಾಲು ನಿಷೇಧಿತ ಮಾಲೇ, ಅದನ್ನು ಸಂಪೂರ್ಣ ಮುಟ್ಟುಗೋಲು ಹಾಕಬೇಕು ಎಂದಿತು ಸುಪ್ರೀಂ ಕೋರ್ಟು. ದೇಶದ ರೈತನ ಹಿತಕ್ಕಾಗಿ ಹಾಕಿದ ನಿರ್ಬಂಧವನ್ನು ಒಬ್ಬಿಬ್ಬರ ಲಾಭಕ್ಕಾಗಿ ಸಡಿಲಿಸಲಾಗದು ಎಂಬುದು ಆ ತೀರ್ಪಿನ ಜೀವಾಳ. ಇಂಥ ಒಂದು ತೀರ್ಪು ಕೈಯಲ್ಲಿರುವಾಗ ನಮ್ಮ ನಿಯೋಗಗಳು ದೆಹಲಿಗೆ ಹೋಗಿ ಕೇಳುವುದೇನು? "351 ಅನ್ನು ಹೆಚ್ಚಿಸಿ." ಈ ತೀರ್ಪನ್ನು ಅಡಿಕೆಗೂ ಮೆಣಸಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸಿ ಎಂಬ ಒಂದು ಸಾಲು ಯಾವ ಮನವಿ ಪತ್ರದಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಬೇಳೆಯ ಮಾತು ಬಂದದ್ದರಿಂದ ಇನ್ನೊಂದು ಕಹಿ ಹೇಳಿಬಿಡುತ್ತೇವೆ. ನಮ್ಮದೇ ರಾಜ್ಯದ ಕಲಬುರಗಿ ತೊಗರಿಯ ಕಣಜ. 2017ರಲ್ಲಿ ತೊಗರಿ ಆಮದಿಗೆ ಮಿತಿ ಹಾಕಿದ್ದರು. 2021ರ ಮೇ ತಿಂಗಳಲ್ಲಿ ಆ ಮಿತಿ ತೆಗೆದು ಬಾಗಿಲನ್ನು ಅಗಲವಾಗಿ ತೆರೆದರು. ಆಮೇಲೆ ಅವಧಿ ವಿಸ್ತರಿಸುತ್ತಲೇ ಬಂದರು. 2023ರ ಡಿಸೆಂಬರಿನಲ್ಲಿ ಹಳದಿ ಬಟಾಣಿಗೂ ಸುಂಕ ತೆಗೆದರು. ಮೊಜಾಂಬಿಕ್, ಮ್ಯಾನ್ಮಾರ್ ತೊಗರಿ ನಮ್ಮ ಬಂದರಿಗೆ ಇಳಿಯುವಾಗ ಕಲಬುರಗಿಯ ರೈತನೂ ಮಂಡಿಯಲ್ಲಿ ಅದೇ ನಿಟ್ಟುಸಿರು ಕೇಳುತ್ತಾನೆ: "ಹೊರಗಿನ ಮಾಲು ಬಂದಿದೆಯಲ್ರೀ." ಅಲ್ಲಿ ಕಳ್ಳದಾರಿಯೂ ಬೇಕಿಲ್ಲ, ಸುಳ್ಳು ಪ್ರಮಾಣಪತ್ರವೂ ಬೇಕಿಲ್ಲ, ಎಲ್ಲ ಸಕ್ರಮ. ಆಗ ಮಲೆನಾಡಿನ ನಾವು ಏನು ಬರೆದೆವು? ಒಂದು ಸಾಲೂ ಇಲ್ಲ. ತೊಗರಿ ಬೇಳೆ ಅಗ್ಗವಾದರೆ ನಮಗೆ ಸಂತೋಷ, ಅಡಿಕೆ ಅಗ್ಗವಾದರೆ ಮಾತ್ರ ದೇಶಪ್ರೇಮ. ತೊಗರಿಯವನಿಗೆ ಬಾಗಿಲು ತೆರೆದವರನ್ನು ಅಡಿಕೆಯವರು ಪ್ರಶ್ನಿಸದಿದ್ದರೆ, ಅಡಿಕೆಯ ದಣಪೆ ಮುಚ್ಚಿ ಎಂದು ಕೂಗುವಾಗ ತೊಗರಿಯವನು ಯಾಕೆ ಜತೆಗೆ ನಿಲ್ಲಬೇಕು?

"ಆಮದು ನಿರ್ಬಂಧವೇ ತಪ್ಪು, ಅಗ್ಗದ ಮಾಲು ಸಿಕ್ಕರೆ ಜನರಿಗೆ ಒಳ್ಳೆಯದಲ್ಲವೇ?" ಎಂದು ನಗರದ ಗೆಳೆಯರು ಕೇಳುತ್ತಾರೆ. ತೊಗರಿ, ಎಣ್ಣೆಯ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯ ಇದೆ, ಬಡವನ ತಟ್ಟೆಯ ಪ್ರಶ್ನೆ ಅದು. ಬೆಳೆಗಾರನಿಗೂ ತಿನ್ನುವವನಿಗೂ ನ್ಯಾಯವಾಗುವ ಸುಂಕ ಎಷ್ಟು ಎಂದು ಕೂತು ಚರ್ಚಿಸಬೇಕು. ಆದರೆ ಸುಳ್ಳು ಬಿಲ್ಲಿನ ಮೆಣಸಿನಿಂದ ಯಾವ ಗೃಹಿಣಿಯ ಸಾರಿನ ಪುಡಿ ಅಗ್ಗವಾಯಿತು? ಇನ್ನು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿದೆ. ಆ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಮಕ್ಕಳು ಬೇರೆ ಬೆಳೆ ಹುಡುಕಬೇಕಾದ ದಿನ ಬರಬಹುದು. ಆದರೆ ಹೊರಗಿನ ಹುಳುಕು ಅಡಿಕೆ ಗುಟ್ಕಾ ಕಾರ್ಖಾನೆಗೆ ಅಗ್ಗಕ್ಕೆ ಸಿಗುವುದರಿಂದ ಯಾರ ಬಾಯಿಯ ಆರೋಗ್ಯವೂ ಸುಧಾರಿಸುವುದಿಲ್ಲ. ಸುಂಕ ಕಟ್ಟಿ, ಸರಿಯಾದ ಬಿಲ್ಲು ತೋರಿಸಿ, ಬೆಳೆದ ದೇಶದ ಹೆಸರನ್ನೇ ಹೇಳಿ ತರುವವನ ಮೇಲೆ ನಮಗೆ ಜಗಳ ಇಲ್ಲ.

ಹಾಗಾದರೆ ಕೇಳಬೇಕಾದದ್ದೇನು?

ಮೂಲದೇಶದ ಪರಿಶೀಲನೆ ಮೊದಲನೆಯದು. 2020ರ ಸೆಪ್ಟೆಂಬರಿನಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಒಪ್ಪಂದದ ರಿಯಾಯಿತಿ ಬೇಕಿದ್ದರೆ ಬರೀ ಪ್ರಮಾಣಪತ್ರ ಸಾಲದು, ಮಾಲು ಅಲ್ಲಿಯದೇ ಎಂಬುದಕ್ಕೆ ಮಾಹಿತಿ ಒದಗಿಸುವ ಹೊಣೆ ಆಮದುದಾರನದು. ಅಧಿಕಾರಿಗೆ ಅನುಮಾನ ಬಂದರೆ ರಿಯಾಯಿತಿ ತಡೆಹಿಡಿಯಬಹುದು. ಅಡಿಕೆ, ಮೆಣಸಿನಲ್ಲಿ ಈ ನಿಯಮವನ್ನು ಎಷ್ಟು ಸಲ ಬಳಸಿದ್ದೀರಿ ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಕೇಳಲಿ. ಇದಕ್ಕೆ ನಿಯೋಗ ಬೇಡ, ಶಾಲು ಬೇಡ, ಒಂದು ಹಾಳೆ ಸಾಕು.

ಎರಡನೆಯದು, ಜಪ್ತಿಯಾದ ಮಾಲು ಮತ್ತೆ ಮಾರುಕಟ್ಟೆಗೆ ಬರಬಾರದು. ದಂಡ ಕಟ್ಟಿಸಿಕೊಂಡು ಬಿಟ್ಟರೂ, ಹರಾಜು ಹಾಕಿದರೂ, ಕೊನೆಗೆ ಅದು ಸೇರುವುದು ಅದೇ ಗೋದಾಮಿಗೆ. ಹಿಡಿದದ್ದಕ್ಕೆ ಅರ್ಥವೇನು?

ಮೂರನೆಯದು ಮಾಹಿತಿ. ಯಾವ ಬಂದರಿಗೆ, ಯಾವ ದೇಶದಿಂದ, ಎಷ್ಟು ಟನ್, ಕೆ.ಜಿ.ಗೆ ಎಷ್ಟು ರೂಪಾಯಿಯ ಬಿಲ್ಲಿನಲ್ಲಿ ಬಂತು ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಎಪಿಎಂಸಿ ಫಲಕದ ಮೇಲೆ ಹಾಕಲಿ. ಅದು ಕಣ್ಣ ಮುಂದೆ ಇದ್ದರೆ "ಭೂತಾನ್ ಮಾಲು ಬಂದಿದೆ" ಎಂದವನಿಗೆ ಬೆಳೆಗಾರ ಫಲಕ ತೋರಿಸಿ ಕೇಳುತ್ತಾನೆ: ಎಲ್ಲಿ ಬಂದಿದೆ ತೋರ್ಸಪ್ಪಾ.

ನಾಲ್ಕನೆಯದು ನಮ್ಮ ಪಾಲಿನದು. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಕೂಲಿ ಪಡೆಯುವ ನಮಗೆ ತೂತ್ತುಕುಡಿ ಬಂದರಿಗೆ ಹೋಗಿ ಬರುವ ಶಕ್ತಿ ಇಲ್ಲ ನಿಜ. ಆದರೆ ಅಧಿಸೂಚನೆ ಓದಲು ಬಸ್ ಚಾರ್ಜು ಬೇಕಿಲ್ಲ. ಎರಡು ಪುಟ, ಮೊಬೈಲಿನಲ್ಲೇ ಸಿಗುತ್ತದೆ. ಇನ್ನು ಮುಂದೆ ಟನ್ನು, ದರ, ದಾರಿ ಈ ಮೂರೂ ಇಲ್ಲದ ಆಮದು ಸುದ್ದಿಯನ್ನು ನಾವು ಕಳಿಸುವುದಿಲ್ಲ. ಡೆಸ್ಕಿನವರು ಬೈದರೂ ಸರಿ, ಮುಖಂಡರು ಮುನಿಸಿಕೊಂಡರೂ ಸರಿ. ಈ ಮಾತನ್ನು ಇಲ್ಲಿ ಬರೆದಿಡುತ್ತಿರುವುದು, ತಪ್ಪಿದಾಗ ನೀವೇ ಹಿಡಿದು ಕೇಳಲಿ ಎಂದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ಹಿರಿಯರು. ಬೆಳೆಗಾರನ ದುಡ್ಡು ಹೋದದ್ದು ಸುಳ್ಳು ಬಿಲ್ಲಿನಿಂದ. ನಮ್ಮ ಮಾನ ಹೋದದ್ದು ಆ ಬಿಲ್ಲನ್ನು ಬಿಟ್ಟು ಭೂತಾನಿನ ಕಡೆ ಬೆರಳು ತೋರಿಸಿದ್ದರಿಂದ. ಮುಂದಿನ ಸುಗ್ಗಿಗೆ ಇನ್ನೂ ಕೆಲವು ತಿಂಗಳಿದೆ. ದಣಪೆಯ ಹತ್ತಿರ ಯಾರು ನಿಂತಿದ್ದಾರೆ ಎಂದು ನೋಡಲು ಅಷ್ಟು ಸಮಯ ಸಾಕು.